ಚಿಕ್ಕಮಗಳೂರಿನ ಕಾಫಿ ತೋಟದ ಹೋಟೆಲು: ವ್ಯೂ ಇರೋ ರೂಮು ಬೇಡ, ನೆರಳಿರೋ ರೂಮು ಕೇಳಿ

ಚಿಕ್ಕಮಗಳೂರಿಂದ ಸ್ವಲ್ಪ ಆಚೆ ಕಾಫಿ ತೋಟದೊಳಗೇ ಕಟ್ಟಿರೋ ಒಂದು ದೊಡ್ಡ ಹೋಟೆಲಿಗೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ ಉಳ್ಕೊಂಡು ಬಂದ್ವಿ. ಹೆಸರು ಹಾಕ್ತಿಲ್ಲ, ಯಾಕಂದ್ರೆ ಚೆನ್ನಾಗಿಲ್ದೆ ಇರೋದನ್ನೂ ಬರೀಬೇಕು, ಅದೂ ಅಲ್ದೆ ಇದೇ ಥರದ ಹೋಟೆಲು, ವಿಲ್ಲಾ, ರೆಸಾರ್ಟು ಆ ಕಡೆ ಬೇಕಾದಷ್ಟು ಇದಾವೆ, ನೀವು ಯಾವುದಕ್ಕೆ ಹೋದ್ರೂ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ ರೂಮು ತುಂಬಾ ಚೆನ್ನಾಗಿತ್ತು, ಅಡಿಗೆಯವರು ಬಂಗಾರದಂಥ ಜನ, ತೋಟ ಸುತ್ತಿದ ಆ ಬೆಳಿಗ್ಗೆಗೆ ಎಷ್ಟು ಕೊಟ್ರೂ ಕಮ್ಮಿ, ಆದ್ರೆ ವಯಸ್ಸಾದವರು ಬಂದ್ರೆ ಹೇಗೆ ಓಡಾಡ್ತಾರೆ ಅನ್ನೋದನ್ನ ಕಟ್ಟಿದವರು ಯೋಚನೆನೇ ಮಾಡಿಲ್ಲ.

ದುಡ್ಡಿನ ಲೆಕ್ಕ ಮೊದಲು. ವಾರದ ಮಧ್ಯ ಹೋದ್ರೆ ರಾತ್ರಿಗೆ 20,000 ರೂಪಾಯಿ ಆಸುಪಾಸು, ಬೆಳಿಗ್ಗೆ ತಿಂಡಿ ಸೇರಿ. ಶುಕ್ರವಾರ ಶನಿವಾರ ಬೆಂಗಳೂರಿನವರೆಲ್ಲ ಬರ್ತಾರೆ, ರೇಟು ಎಲ್ಲಿಗೋ ಹೋಗುತ್ತೆ, ಆಗ ಹೋಗ್ಬೇಡಿ. ವೆಬ್‌ಸೈಟಲ್ಲಿ ದೊಡ್ಡ ಅಕ್ಷರದಲ್ಲಿ ತೋರ್ಸೋದು ಟ್ಯಾಕ್ಸ್ ಬಿಟ್ಟು, ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಅಂದ್ರೆ 20,000 ಅಂತ ಕಂಡಿದ್ದು ಕೊನೆಗೆ 23,600 ಆಗುತ್ತೆ. 7,500ರ ಒಳಗಿನ ರೂಮಿಗಾದ್ರೆ 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್ ಅಷ್ಟೇ, ಹಾಗಾಗಿ ಬರೀ ಮಲ್ಗೋಕೆ ಒಂದು ಜಾಗ ಬೇಕು ಅನ್ನೋರಿಗೆ ಊರೊಳಗಿನ ಲಾಡ್ಜೋ ಹೋಮ್‌ಸ್ಟೇನೋ ಎಷ್ಟೋ ವಾಸಿ. ಈ ದೊಡ್ಡ ಹೋಟೆಲಿನ ಊಟಕ್ಕೂ 18 ಪರ್ಸೆಂಟೇ ಹಾಕಿದ್ರು, ಪೇಟೆ ಹೋಟೆಲಲ್ಲಿ 5 ಇರುತ್ತೆ. ನಾಲ್ಕು ಜನ ರಾತ್ರಿ ಊಟ ಮಾಡಿದ್ರೆ ಈ ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತೆ.

ನಮ್ದು ಹಾಸನ. ಬೇಲೂರು ಮೇಲೆ ಹೋದ್ವಿ, ಬೇಲೂರಿಂದ ಚಿಕ್ಕಮಗಳೂರಿಗೆ 25 ಕಿಲೋಮೀಟರ್ ಹತ್ರ ಹತ್ರ, ರಸ್ತೆಗೆ ಏನೂ ತೊಂದರೆ ಇಲ್ಲ. ಚೆಕ್‌ಇನ್ ಮಧ್ಯಾಹ್ನ ಮೂರಕ್ಕೆ, ಚೆಕ್‌ಔಟ್ ಬೆಳಿಗ್ಗೆ ಹನ್ನೊಂದಕ್ಕೆ, ಒಂದು ದಿನದ ದುಡ್ಡು ತಗೊಂಡು 20 ಗಂಟೆ ಕೊಡೋದು ಇದು, ಯಾವ ಹೋಟೆಲಾದ್ರೂ ಸರಿ ನನಗೆ ಒಪ್ಪಿಗೆ ಇಲ್ಲ. ಬೇಗ ಬಂದ್ರೆ ರೂಮು ಕೊಡ್ತೀರಾ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿದ್ದೆ, ಒಂದೂವರೆಗೆಲ್ಲ ಕೊಟ್ರು, ಅದಕ್ಕೆ ಥ್ಯಾಂಕ್ಸ್ ಹೇಳ್ಲೇಬೇಕು.

ರಿಸೆಪ್ಷನ್ ಬಗ್ಗೆ ಸ್ವಲ್ಪ ಹೇಳ್ಬೇಕು. ಆರತಿ ಎತ್ತಿ, ಕುಂಕುಮ ಇಟ್ಟು, ಕುಡಿಯೋಕೆ ಏನೋ ತಣ್ಣಗಿರೋ ಪಾನಕ ಕೊಟ್ಟು ಚೆನ್ನಾಗೇ ಬರಮಾಡ್ಕೊಂಡ್ರು, ಆದ್ರೆ ಅಲ್ಲಿದ್ದ ಹುಡುಗಿ ಅಪ್ಪನ ಹತ್ರ ಹಿಂದಿಯಲ್ಲೇ ಮಾತು ಶುರು ಮಾಡಿದ್ಲು, ಅಪ್ಪಂಗೆ ಬರಲ್ಲ, ಇಂಗ್ಲಿಷಿಗೆ ತಿರುಗಿಸಿದ್ಲು, ಅಪ್ಪ ಸುಮ್ನೆ ತಲೆ ಆಡಿಸ್ಕೊಂಡು ನಿಂತಿದ್ರು. ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ, ಎಲ್ಲಿಂದಲೋ ದುಡಿಯೋಕೆ ಬಂದಿರೋ ಮಗು, ತುಂಬಾ ಮರ್ಯಾದೆಯಿಂದ ನಡ್ಕೊಂಡ್ಲು. ಆದ್ರೆ ಚಿಕ್ಕಮಗಳೂರಲ್ಲಿ ಇಷ್ಟು ದೊಡ್ಡ ಹೋಟೆಲ್ ನಡೆಸೋರು ಕೌಂಟರಲ್ಲಿ ಯಾವ ಹೊತ್ತಿಗೂ ಕನ್ನಡ ಬರೋರು ಒಬ್ಬರಾದ್ರೂ ಇರೋ ಹಾಗೆ ಡ್ಯೂಟಿ ಹಾಕ್ಬೇಕು. ಅಪ್ಪ ಇದೇ ಜಿಲ್ಲೆಯ ತೋಟಗಳಲ್ಲಿ ರೈಟರ್ ಆಗಿ, ಅಂದ್ರೆ ತೋಟದ ಲೆಕ್ಕಪತ್ರ ನೋಡ್ಕೊಳ್ಳೋ ಕೆಲಸದಲ್ಲಿ, ಸರ್ವಿಸ್ ಪೂರ್ತಿ ಕಳೆದವರು, ಅಂಥವರಿಗೆ ಇಲ್ಲೇ ಮಾತು ಬರ್ದೆ ನಿಲ್ಲೋ ಹಾಗಾಗೋದು ಸರಿಯಲ್ಲ. ಲಗೇಜ್ ತಗೊಂಡು ಹೋಗೋಕೆ ಬಂದ ಬಗ್ಗಿ ಗಾಡಿ ಡ್ರೈವರ್ ಆಲ್ದೂರು ಕಡೆಯವನು, "ಬನ್ನಿ ಯಜಮಾನ್ರೇ, ಮುಂದೆ ಕೂತ್ಕೊಳಿ" ಅಂದ, ಅಲ್ಲಿಂದ ಅಪ್ಪನ ಮುಖನೇ ಬೇರೆ ಆಯ್ತು.

ರೂಮಿನ ಬಗ್ಗೆ ಒಂದು ತಕರಾರೂ ಇಲ್ಲ. ದೊಡ್ಡದಾಗಿ ಗಾಳಿ ಬೆಳಕಾಗಿ ಇತ್ತು, ಬಿಳೀ ಹಾಸಿಗೆ ಮೇಲೆ ಒಂದು ಕಲೆ ಇಲ್ಲ, ಬಾತ್‌ರೂಮಲ್ಲಿ ಬಿಸಿನೀರು ತಿರುಗಿಸಿದ ತಕ್ಷಣ ಬರುತ್ತೆ, ಅಮ್ಮಂಗೆ ದಿಂಬು ಎತ್ತರ ಆಯ್ತು ಅಂದಿದ್ದಕ್ಕೆ ಹತ್ತು ನಿಮಿಷದಲ್ಲಿ ಬೇರೆ ತಂದು ಕೊಟ್ರು, ರಾತ್ರಿ ಚಳಿಗೆ ಹೀಟರೂ ಕೇಳದೇ ಇಟ್ಟಿದ್ರು. ವಿಲ್ಲಾಗೊಂದು ಪುಟ್ಟ ಸ್ವಿಮ್ಮಿಂಗ್ ಪೂಲ್ ಇದೆ, ರೇಟಲ್ಲಿ ಅರ್ಧ ಅದಕ್ಕೇ ಹೋಗುತ್ತೆ ಅನ್ಸುತ್ತೆ, ಡಿಸೆಂಬರ್ ಚಳಿಯಲ್ಲಿ ಆ ತಣ್ಣೀರಿಗೆ ಕಾಲಿಡೋಕೂ ಆಗಲ್ಲ, ಚಳಿಗಾಲದಲ್ಲಿ ಹೋಗೋರು ಪೂಲ್ ಇಲ್ದೇ ಇರೋ ರೂಮು ತಗೊಂಡು ಆ ದುಡ್ಡು ಉಳಿಸ್ಕೊಳ್ಳಿ.

ಮೆಟ್ಟಿಲುಗಳದ್ದೇ ದೊಡ್ಡ ಸಮಸ್ಯೆ. ಗುಡ್ಡದ ಇಳಿಜಾರಲ್ಲಿ ಕಟ್ಟಿರೋದ್ರಿಂದ ರೂಮಿಂದ ಊಟದ ಹಾಲಿಗೆ ಹೋಗೋಕೆ ಕಲ್ಲು ಮೆಟ್ಟಿಲು ಇಳೀಬೇಕು, ಹಿಡ್ಕೊಳ್ಳೋಕೆ ಒಂದು ಕಂಬಿ ಇಲ್ಲ, ಬೆಳಿಗ್ಗೆ ಮಂಜು ಬಿದ್ದು ಕಲ್ಲೆಲ್ಲ ಜಾರ್ತಾ ಇರುತ್ತೆ. ಅಮ್ಮಂಗೆ ಮಂಡಿ ನೋವು. ಬಗ್ಗಿ ಗಾಡಿ ಕರೀಬೋದು ಅಂತಾರೆ, ಹಗಲು ಹೊತ್ತು ಬೇಗನೇ ಬರುತ್ತೆ, ರಾತ್ರಿ ಎಲ್ರೂ ಒಟ್ಟಿಗೆ ಊಟಕ್ಕೆ ಹೊರಡೋ ಹೊತ್ತಿಗೆ ಫೋನ್ ಮಾಡಿದ್ರೆ ಅರ್ಧ ಗಂಟೆ ಕಾಯ್ಬೇಕು, ಬಂದ್ರೂ ಅದು ನಿಲ್ಲೋದು ಮೇಲಿನ ರಸ್ತೆಯಲ್ಲಿ, ಅಲ್ಲಿಗೆ ಹತ್ತೋಕೂ ಮೆಟ್ಟಿಲೇ. ನಾನು ಒಂದು ಕಡೆ ತಂಗಿ ಒಂದು ಕಡೆ ಹಿಡ್ಕೊಂಡು ಮೊಬೈಲ್ ಟಾರ್ಚ್ ಹಾಕ್ಕೊಂಡು ಇಳಿಸಿದ್ವಿ. ನೋಡೋಕೆ ಚಂದ ಕಾಣ್ಲಿ ಅಂತ ದಾರಿ ದೀಪ ಎಲ್ಲ ಮಂಕಾಗಿ ಹಾಕಿದಾರೆ, ವಯಸ್ಸಾದ ಕಣ್ಣಿಗೆ ಮೆಟ್ಟಿಲು ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ. ಮ್ಯಾನೇಜರ್ ಹತ್ರ ಹೇಳ್ದೆ, ನೆಲಕ್ಕೆ ಸಮ ಇರೋ ಎರಡು ರೂಮು ಇದೆ, ಬುಕ್ ಮಾಡುವಾಗ್ಲೇ ಕೇಳಿದ್ರೆ ಕೊಡ್ತೀವಿ ಅಂದ್ರು. ಹಾಗಿದ್ರೆ ಅದನ್ನ ವೆಬ್‌ಸೈಟಲ್ಲಿ ಬರೀಬೇಕಲ್ವಾ? ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ದಯವಿಟ್ಟು ಮೊದಲೇ ಫೋನ್ ಮಾಡಿ ಈ ರೂಮನ್ನೇ ಕೇಳಿ.

ಈಗ ಊಟ. ರಾತ್ರಿ ಬಫೆ ನೋಡಿ ಬೇಜಾರಾಯ್ತು, ಪಾಸ್ತಾ, ಪನೀರ್, ದಾಲ್, ನೂಡಲ್ಸು, ಬೆಂಗಳೂರಲ್ಲಿ ಯಾವ ಹೋಟೆಲಿಗೆ ಹೋದ್ರೂ ಸಿಗೋದೇ. ಅಮ್ಮ ಮೊಸರನ್ನ ತಿಂದು ಎದ್ರು. ಆಮೇಲೆ ತಂಗಿ ಹೋಗಿ ಅಡಿಗೆಯವರ ಹತ್ರ ಮಾತಾಡಿದ್ಲು, ಅಲ್ಲಿ ಮೂಡಿಗೆರೆ ಕಡೆಯ ಒಬ್ಬರಿದ್ರು, ನಾಳೆ ನಿಮಗೆ ಬೇರೆ ಮಾಡ್ತೀನಿ ಬಿಡಮ್ಮ ಅಂದ್ರು. ಮಾರನೇ ಬೆಳಿಗ್ಗೆ ಕಾವಲಿ ಮೇಲಿಂದ ನೇರ ಬಂದ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಬೆಣ್ಣೆ, ಪಕ್ಕದಲ್ಲಿ ಜೇನು. ರಾತ್ರಿಗೆ ಕಡುಬು ಮತ್ತೆ ನಾಟಿಕೋಳಿ ಸಾರು, ಸಾರಿಗೆ ಅವರದೇ ತೋಟದ ಕಾಳುಮೆಣಸು ಕುಟ್ಟಿ ಹಾಕಿದ್ರು, ಆ ಖಾರ ಗಂಟಲಲ್ಲಿ ನಿಧಾನಕ್ಕೆ ಹತ್ತುತ್ತೆ, ಅಪ್ಪ ಎರಡು ಸಲ ಹಾಕಿಸ್ಕೊಂಡ್ರು. ಪಕ್ಕದ ಟೇಬಲ್ಲಲ್ಲಿದ್ದ ಪುಣೆ ಕಡೆಯ ಫ್ಯಾಮಿಲಿ ಇದೇನು ಮೆನುವಲ್ಲಿ ಇಲ್ವಲ್ಲ ಅಂತ ಕೇಳಿ ಅವರೂ ತರಿಸ್ಕೊಂಡ್ರು. ನನ್ನ ಪ್ರಶ್ನೆ ಇಷ್ಟೇ, ಇಷ್ಟು ಚೆನ್ನಾಗಿ ಮಾಡೋ ಕೈ ಅಡಿಗೆಮನೆಯಲ್ಲೇ ಇದ್ದಾಗ ಅದನ್ನ ಯಾಕೆ ಬಚ್ಚಿಡ್ಬೇಕು? ಬಫೆಯಲ್ಲಿ ಮಲೆನಾಡಿನ ಅಡಿಗೆಗೆ ಒಂದು ಸಾಲು ಕೊಟ್ರೆ ಜನ ಅದನ್ನೇ ಮೊದಲು ಖಾಲಿ ಮಾಡ್ತಾರೆ. ರೂಮಲ್ಲಿ ಇಟ್ಟಿದ್ದು ಇನ್‌ಸ್ಟಂಟ್ ಕಾಫಿ ಪ್ಯಾಕೆಟ್ಟು, ಕಿಟಕಿ ತೆಗೆದ್ರೆ ಕಾಫಿ ಗಿಡ ಕೈಗೆ ಸಿಗುತ್ತೆ, ಇದು ಆಗಬಾರ್ದು. ಕೇಳಿದ್ರೆ ಫ್ಲಾಸ್ಕಲ್ಲಿ ಫಿಲ್ಟರ್ ಕಾಫಿ ಕಳಿಸ್ತಾರೆ, ಚೆನ್ನಾಗಿರುತ್ತೆ, ಕೇಳಿ.

ತೋಟದ ವಾಕ್ ಬಗ್ಗೆ ಉದ್ದಕ್ಕೆ ಬರೀತೀನಿ, ಇಷ್ಟು ದುಡ್ಡು ಸಾರ್ಥಕ ಆಗಿದ್ದು ಅಲ್ಲೇ. ಬೆಳಿಗ್ಗೆ ಏಳಕ್ಕೆ ಶುರು, ಬೇರೆ ಚಾರ್ಜಿಲ್ಲ, ಸಮತಟ್ಟು ದಾರಿಯಲ್ಲೇ ಕರ್ಕೊಂಡು ಹೋಗ್ತಾರೆ ಅಂತ ಅಮ್ಮನೂ ಬಂದ್ರು. ಕರ್ಕೊಂಡು ಹೋಗಿದ್ದು ಟೈ ಕಟ್ಟಿದ ಗೈಡ್ ಅಲ್ಲ, ಹೋಟೆಲ್ ಬರೋಕೆ ಮುಂಚಿಂದ ಅದೇ ತೋಟದಲ್ಲಿ ಆಳುಗಳ ಕೆಲಸ ನೋಡ್ಕೊಳ್ಳೋ ಮೇಸ್ತ್ರಿ. ಸೂಫಿ ಸಂತ ಬಾಬಾಬುಡನ್ ಅವರು 1670ರ ಸುಮಾರಿಗೆ ಏಳು ಕಾಫಿ ಬೀಜ ತಂದ ಕಥೆ, ಚಿಕ್ಕಮಗಳೂರು ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಈ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿದ್ದು ಎಲ್ಲ ಹೇಳಿದ್ರು, ಎಲ್ರಿಗೂ ಹೇಳೋದೇ ಅದು. ಅಪ್ಪ ಒಂದು ಗಿಡದ ಹತ್ರ ನಿಂತು ಇದು ಎಸ್ 795 (ಅರೇಬಿಕಾದ ಒಂದು ತಳಿ) ಅಲ್ವಾ ಅಂದ್ರು ನೋಡಿ, ಮೇಸ್ತ್ರಿ ತಿರುಗಿ "ಸಾರ್ ನೀವು ರೈಟ್ರಾ?" ಅಂದ್ರು. ಆಮೇಲೆ ಇಬ್ಬರದ್ದೂ ಮಾತು ನಿಲ್ಲಿಸೋರೇ ಇಲ್ಲ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಿತ್ತನೆ ಬೀಜ ತರ್ತಿದ್ದಿದ್ದು, ಮಾರ್ಚ್ ಏಪ್ರಿಲಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳಿ ತೋಟ ಪೂರ್ತಿ ಬೆಳ್ಳಗಾಗೋದು, ಅದಾದ ಮೇಲೆ ಬೀಳಬೇಕಾದ ಎರಡನೇ ಮಳೆ, ಬ್ಯಾಕಿಂಗ್ ಮಳೆ ಅಂತಾರೆ, ಅದು ಸರಿಯಾಗಿ ಬರ್ದೆ ಹೋದ್ರೆ ಕಾಯಿ ಕಚ್ಚದೇ ಇರೋದು, ಆಳು ಸಿಗದೇ ಈಗ ಅಸ್ಸಾಂ ಕಡೆಯವರು ಬಂದು ಕುಯ್ಲು ಮಾಡ್ತಿರೋದು. ಜೊತೆಗಿದ್ದ ಬೇರೆ ಗೆಸ್ಟುಗಳೂ ಫೋಟೋ ತೆಗೆಯೋದು ಬಿಟ್ಟು ಸುತ್ತ ನಿಂತ್ಕೊಂಡು ಕೇಳಿದ್ರು, ತಂಗಿ ಹಿಂದಿಯಲ್ಲಿ ಹೇಳ್ತಾ ಹೋದ್ಲು. ಅರೇಬಿಕಾ ಹಣ್ಣು ಎಲ್ಲಾ ಒಟ್ಟಿಗೆ ಆಗಲ್ಲ, ಅದಕ್ಕೇ ಕೆಂಪಗಾಗಿರೋದನ್ನ ಮಾತ್ರ ಬಿಡಿಸಿ ಮತ್ತೆ ಮತ್ತೆ ಅದೇ ಗಿಡಕ್ಕೆ ಬರ್ಬೇಕು, ಹಸಿರು ಕಾಯಿ ಸೇರಿದ್ರೆ ಕಪ್ಪಲ್ಲಿ ರುಚಿ ಕೆಡುತ್ತೆ. ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಿಷನ್ ಓಡ್ತಾ ಇತ್ತು, ಕಣದಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದ ಬೀಜ) ಒಣ ಹಾಕಿದ್ರು, ಹೆಂಗಸರು ಹಲಗೆ ಹಿಡಿದು ಎಳೀತಿದ್ರು, ಆ ಹುಳಿ ಹುಳಿ ವಾಸನೆಗೆ ಅಮ್ಮ ತೋಟದವರು ಕೊಡ್ತಿದ್ದ ಸಾಲು ಮನೆ, ಆ ಹಳೇ ಲೈನ್ ಮನೆ ದಿನಗಳನ್ನೆಲ್ಲ ಹೇಳೋಕೆ ಶುರು ಮಾಡಿದ್ರು.

ಅಲ್ಲೇ ನನಗೆ ಹೊಸ ವಿಷಯ ಒಂದು ಗೊತ್ತಾಯ್ತು. ನಮ್ಮ ವಿಲ್ಲಾ ಸಾಲಿನ ಮುಂದೆ ಇದ್ದ ಗಿಡಗಳು ಹಳದಿ ತಿರುಗಿದ್ವು, ಒಂದಷ್ಟು ಒಣಗಿದ್ವು. ಗೆಸ್ಟುಗಳಿಗೆ ಬೆಟ್ಟ ಕಾಣ್ಲಿ ಅಂತ ಆ ಸಾಲಿನ ನೆರಳಿನ ಮರ ಎಲ್ಲ ತೆಗೆಸಿದಾರೆ. ಮರಗಸಿ ಅಂದ್ರೆ ಕೊಂಬೆ ಸವರಿ ಬೆಳಕು ಎಷ್ಟು ಬೇಕೋ ಅಷ್ಟು ಬಿಡೋದು, ಪೂರ್ತಿ ಬೋಳು ಮಾಡೋದಲ್ಲ, ನೇರ ಬಿಸಿಲು ಬಿದ್ದ ಅರೇಬಿಕಾ ಗಿಡಕ್ಕೆ ಕಾಂಡಕೊರಕ ಅನ್ನೋ ಹುಳ ಬೇಗ ಬರುತ್ತೆ, ಬಂದ ಗಿಡನ ಕಿತ್ತು ಸುಡೋದು ಬಿಟ್ಟು ದಾರಿ ಇಲ್ಲ, ಅಂತ ಅಪ್ಪ ತುಂಬಾ ಸಂಕಟದಿಂದ ಹೇಳಿದ್ರು. ಮೇಸ್ತ್ರಿನೂ ಹೂಂ ಅಂದ್ರು, ಜಾಸ್ತಿ ಮಾತಾಡ್ಲಿಲ್ಲ, ಕೆಲಸದಲ್ಲಿರೋರು ಪಾಪ. ಒಳಗೆ ಸಿಲ್ವರ್ ಓಕ್, ಹಲಸು, ಅತ್ತಿ ಎಲ್ಲ ಇರೋ ಕಡೆ ಇನ್ನೊಂದು ಸಾಲು ಕಾಟೇಜ್ ಇದೆ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ಹಕ್ಕಿ ಕೂಗು ಬಿಟ್ಟು ಸದ್ದಿಲ್ಲ, ಅಲ್ಲಿ ಗಿಡಗಳೂ ಗಟ್ಟಿಮುಟ್ಟಾಗಿದಾವೆ, ಮಜಾ ಏನಂದ್ರೆ ರೇಟೂ ಕಮ್ಮಿ, ವ್ಯೂ ಇಲ್ಲ ಅಂತ. ನಾನಾದ್ರೆ ಇನ್ಮೇಲೆ ಅದನ್ನೇ ತಗೊಳ್ಳೋದು. ವ್ಯೂ ರೂಮಿಗೆ ಜಾಸ್ತಿ ದುಡ್ಡು ಕೊಟ್ಟಷ್ಟೂ ಇನ್ನೂ ನಾಲ್ಕು ಮರ ಹೋಗುತ್ತೆ, ತೋಟ ನೋಡೋಕೆ ಅಂತ ಬರೋರು ತೋಟ ಹಾಳಾಗೋಕೆ ಕಾರಣ ಆಗಬಾರ್ದು. ಮ್ಯಾನೇಜರ್‌ಗೆ ಇದನ್ನ ಬರೆದೂ ಕೊಟ್ಟು ಬಂದಿದೀನಿ.

ಹೊರಗಡೆ ಸುತ್ತಾಟ ಜಾಸ್ತಿ ಮಾಡ್ಲಿಲ್ಲ. ಮುಳ್ಳಯ್ಯನಗಿರಿಗೆ ನಾನು ತಂಗಿ ಇಬ್ಬರೇ ಹೋದ್ವಿ, 1,930 ಮೀಟರ್, ರಾಜ್ಯದಲ್ಲೇ ಎತ್ತರದ್ದು, ಈಗ ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಿ ಹೋಗ್ಬೇಕು, ಹಾಗೇ ಹೋಗಿ ಚೆಕ್‌ಪೋಸ್ಟಲ್ಲಿ ವಾದ ಮಾಡ್ಬೇಡಿ. ದತ್ತ ಜಯಂತಿ ಸಮಯದಲ್ಲಿ ಗಿರಿ ಕಡೆ ಪ್ರವಾಸಿಗಳನ್ನ ಬಿಡಲ್ಲ, ಡಿಸೆಂಬರಲ್ಲಿ ಹೋಗೋರು ತಾರೀಖು ನೋಡ್ಕೊಳ್ಳಿ. ಹಿರೇಕೊಳಲೆ ಕೆರೆಗೆ ಕಾರು ಹತ್ರಕ್ಕೇ ಹೋಗುತ್ತೆ, ಅಪ್ಪ ಅಮ್ಮಂಗೆ ಅಲ್ಲಿ ಸಂಜೆ ಕೂತಿದ್ದು ಇಷ್ಟ ಆಯ್ತು. ಹೋಟೆಲಿನವರು ಬೇಲೂರು ಹಳೇಬೀಡಿಗೆ ಕಾರ್ ಪ್ಯಾಕೇಜ್ ಕೊಡ್ತಾರೆ, ಅವರ ಪುಸ್ತಕದಲ್ಲಿ ಎರಡೂ ಚಿಕ್ಕಮಗಳೂರಿನದೇ ಅನ್ನೋ ಹಾಗೆ ಬರೆದಿದಾರೆ, ಅವು ನಮ್ಮ ಹಾಸನ ಜಿಲ್ಲೆಯವು, 2023ರಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ದೇವಸ್ಥಾನಗಳ ಊರಿನ ಹೆಸರನ್ನ ಸರಿಯಾಗಿ ಹೇಳ್ಬೇಕು. ನಿಮ್ಮ ಕಾರಿದ್ರೆ ಪ್ಯಾಕೇಜ್ ಬೇಡ, ಬರೋವಾಗ್ಲೋ ಹೋಗೋವಾಗ್ಲೋ ದಾರಿಯಲ್ಲೇ ನೋಡ್ಕೊಂಡು ಹೋಗಿ.

ಬಿಲ್ ಕೊಡುವಾಗ ಗಮನ ಇರ್ಲಿ. ಊಟದ ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ರು. 2022ರ ಜುಲೈಯಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನ ತಾನಾಗೇ ಸೇರಿಸೋ ಹಾಗಿಲ್ಲ ಅಂದಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡೀತು. ಸಮಾಧಾನವಾಗಿ ಕೇಳ್ದೆ, ಸ್ವಲ್ಪ ಹಿಂದೆ ಮುಂದೆ ನೋಡಿ ತೆಗೆದ್ರು. ತೆಗೀಲಿಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡ್ಬೋದು. ಉಳಿದ ಆ ದುಡ್ಡನ್ನ ಅಡಿಗೆಯವರಿಗೆ, ಮೇಸ್ತ್ರಿಗೆ, ಬಗ್ಗಿ ಓಡಿಸೋ ಹುಡುಗಂಗೆ ಕೈಗೇ ಕೊಟ್ವಿ, ನೀವೂ ಹಾಗೇ ಮಾಡಿ.

ಮತ್ತೆ ಹೋಗ್ತೀರಾ ಅಂತ ಕೇಳಿದ್ರೆ ಹೋಗ್ತೀವಿ, ನೆಲಕ್ಕೆ ಸಮ ಇರೋ ರೂಮು ನೆರಳಿನ ಸಾಲಲ್ಲಿ ಸಿಗೋದಾದ್ರೆ, ವಾರದ ಮಧ್ಯ, ಅದೂ ಹೂವಿನ ಟೈಮಲ್ಲಿ. ಹೂ ಎರಡು ಮೂರು ದಿನ ಅಷ್ಟೇ ಚೆನ್ನಾಗಿರೋದು, ತಿಂಗಳ ಮುಂಚೆ ಬುಕ್ ಮಾಡಿದ್ರೆ ತಪ್ಪಿ ಹೋಗುತ್ತೆ. ಹೂಮಳೆ ಬಿತ್ತು ಅಂತ ಗೊತ್ತಾದ ದಿನ ರಿಸೆಪ್ಷನ್‌ಗೆ ಫೋನ್ ಮಾಡಿ, ಲೈನನ್ನ ತೋಟದ ಆಫೀಸಿಗೆ ಕೊಡಿ ಅನ್ನಿ, ಯಾವತ್ತು ಅರಳುತ್ತೆ ಅಂತ ಅವರೇ ಸರಿಯಾಗಿ ಹೇಳ್ತಾರೆ.