ಲಾಗಿನ್ ಲೆಕ್ಕಕ್ಕೆ ಯಾವುದು: ಡಬ್ಲ್ಯುಟಿಎಂಪಿಯೋ, ಜರ್ನಲೋ?

ಮಾದಾಪುರದ ಆಚೆಯ ನಮ್ಮ ತೋಟದ ಕಚೇರಿಯಲ್ಲಿ ಒಂದೇ ಲಿನಕ್ಸ್ ಕಂಪ್ಯೂಟರ್, ಅದರ ಮುಂದೆ ಕೂರುವ ರೈಟರುಗಳು (ತೋಟದ ಗುಮಾಸ್ತರು) ಮೂವರು. ಯಾರು ಎಷ್ಟು ಹೊತ್ತು ಕೆಲಸ ಮಾಡಿದರೆಂದು ತೆಗೆದುಕೊಡುವ ಪುಟ್ಟ ಸಿ ಪ್ರೋಗ್ರಾಂ ಬರೆಯಬೇಕಿತ್ತು. ಮೂರು ದಾರಿ ನೋಡಿದೆ. ನನ್ನ ಓಟು ಸಿಸ್ಟಮ್‌ಡಿ ಜರ್ನಲ್‌ಗೆ, ಅಂದರೆ ಯಂತ್ರದಲ್ಲಿ ನಡೆದದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಲಿನಕ್ಸ್ ದಿನಚರಿಗೆ.

ಲಾಗಿನ್-ಲಾಗೌಟ್‌ಗಳನ್ನು ಬರೆದಿಡುವ ಹಳೆಯ ಡಬ್ಲ್ಯುಟಿಎಂಪಿ (wtmp) ಕಡತ ಸರಳ. ಲಾಗಿನ್ ಆದರೆ 384 ಬೈಟಿನ ಒಂದು ದಾಖಲೆ, ವಿಧ 7. ಲಾಗೌಟ್ ಆದರೆ ಇನ್ನೊಂದು, ವಿಧ 8. ಎರಡನೆಯದರಲ್ಲಿ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ, ಯಾವ ಟರ್ಮಿನಲ್‌ನಿಂದ (ಪರದೆ-ಕೀಲಿಮಣೆಯ ಸಂಪರ್ಕ) ಎಂದು ನೋಡಿ ಜೋಡಿಸಬೇಕು. ಅದೇನೂ ಕಷ್ಟವಲ್ಲ.

ಕಷ್ಟ ಬರುವುದು ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ. ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿತ್ತು, ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸತ್ತಿತು. ಲಾಗೌಟ್‌ನ ಆ ವಿಧ 8ರ ದಾಖಲೆಯನ್ನು ಬರೆಯುವವರು ಯಾರು? ಮರುದಿನ ಯಂತ್ರ ಎದ್ದಾಗ ಬೂಟ್ ದಾಖಲೆಯೊಂದು ಬೀಳುತ್ತದೆ. ಈ ಕಡತವನ್ನು ಓದಿ ತೋರಿಸುವ 'ಲಾಸ್ಟ್' ಆದೇಶ ಅದನ್ನು ನೋಡಿ 'ಕ್ರ್ಯಾಶ್' ಎಂದು ಬರೆದು, ಅವಧಿಯನ್ನು ಬೂಟ್ ಆದ ಗಳಿಗೆಯವರೆಗೂ ಎಳೆಯುತ್ತದೆ. ಮಧ್ಯಾಹ್ನ 3ಕ್ಕೆ ಕೂತವನು, 4ಕ್ಕೆ ಕರೆಂಟು ಹೋಗಿ, ಬೆಳಿಗ್ಗೆ 9ಕ್ಕೆ ಯಂತ್ರ ಹಚ್ಚಿದರೆ ಲೆಕ್ಕದಲ್ಲಿ 18 ಗಂಟೆ ದುಡಿದಿರುತ್ತಾನೆ! ರೈಟರ ಮುಖ ಅರಳಿತು, ಯಜಮಾನರ ಮುಖ ಗಂಟಾಯಿತು. "ರಾತ್ರಿಯೆಲ್ಲ ಇಲ್ಲೇ ಇದ್ದೆಯೇನು ಮಾರಾಯ?"

ಜರ್ನಲ್‌ನಲ್ಲೂ ಆಗ ಲಾಗೌಟ್ ಸಾಲು ಸಿಗುವುದಿಲ್ಲ, ನಿಜ. ಆದರೆ ಅಲ್ಲಿ ಯಂತ್ರದ ಉಳಿದ ಹರಟೆಯೂ ಇರುತ್ತದೆ. ಬೂಟ್‌ಗಳ ಪಟ್ಟಿ ಕೇಳಿದರೆ ಪ್ರತಿಯೊಂದರ ಕೊನೆಯ ಸಾಲಿನ ಸಮಯ ಸಿಗುತ್ತದೆ. ಅದನ್ನೇ ಲಾಗೌಟ್ ಎಂದು ಹಿಡಿಯುತ್ತೇನೆ. ಸಾಮಾನ್ಯ ಸಾಲುಗಳನ್ನು ಡಿಸ್ಕಿಗೆ ಗಟ್ಟಿ ಮಾಡುವುದು ಮೂಲ ಹೊಂದಿಕೆಯಲ್ಲಿ 5 ನಿಮಿಷಕ್ಕೊಮ್ಮೆ, ಸಂಬಳದ ಲೆಕ್ಕಕ್ಕೆ ಅಷ್ಟು ಸಾಕು. ಯಂತ್ರ ಸುಮ್ಮನಿದ್ದರೆ ಸಾಲೂ ಇರುವುದಿಲ್ಲವಲ್ಲ, ಅದಕ್ಕೆ ನಿಮಿಷಕ್ಕೊಂದು ಸಾಲು ಬರೆಯುವ ಟೈಮರ್ ಇಟ್ಟಿದ್ದೇನೆ. ಸೆಷನ್ ಸಂಖ್ಯೆ ಪ್ರತ್ಯೇಕ ಅಂಕಣದಲ್ಲೇ ಬರುವುದರಿಂದ ಟರ್ಮಿನಲ್ ಜೋಡಿಸುವ ಗೋಜಿಲ್ಲ. ವಾರ್-ಲಾಗ್ (/var/log) ಅಡಿಯಲ್ಲಿ ಜರ್ನಲ್ ಫೋಲ್ಡರ್ ಇದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಅನೇಕ ಯಂತ್ರಗಳ ಮೂಲ ಹೊಂದಿಕೆಯಲ್ಲಿ ಎಲ್ಲವೂ ಮೆಮೊರಿಯಲ್ಲೇ ಉಳಿದು ಕರೆಂಟಿನ ಜೊತೆಗೇ ಹೋಗುತ್ತದೆ.

ಮೂರನೆಯದು ಡಬ್ಲ್ಯುಟಿಎಂಪಿಡಿಬಿ: ಲಾಗಿನ್ ಪರಿಶೀಲಿಸುವ ಪ್ಯಾಮ್ ವ್ಯವಸ್ಥೆಯ ಮೂಲಕ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್‌ಗೆ ಬರೆಯುತ್ತದೆ. ಸಮಯವನ್ನು 32 ಬಿಟ್ ಅಂಕೆಯಲ್ಲಿ ಇಡುವುದರಿಂದ, ಆ ಅಂಕೆ ತುಂಬಿಹೋಗುವ 2038ರಲ್ಲಿ ಹಳೆಯ ಕಡತಕ್ಕೆ ಕಾದಿರುವ ಗಂಡಾಂತರ ಇದಕ್ಕಿಲ್ಲ. ಡೆಬಿಯನ್ ಲಿನಕ್ಸ್‌ನ 13ನೇ ಆವೃತ್ತಿಯಲ್ಲಿ ಹಳೆಯ 'ಲಾಸ್ಟ್' ಹೋಗಿ ಇದೇ ಬಂದಿದೆ. ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್ ಬಲ್ಲವರಿಗೆ ಹಬ್ಬ. ಕರೆಂಟು ಎಷ್ಟು ಗಂಟೆಗೆ ಹೋಯಿತೆಂದು ಇದಕ್ಕೂ ಗೊತ್ತಿಲ್ಲ, ಹಾಗಾಗಿ ನನಗೆ ಉಪಯೋಗವಿಲ್ಲ.

ಬ್ಯಾಟರಿ ಮುಗಿಯುವ ಮೊದಲೇ ಯಂತ್ರವನ್ನು ಕ್ರಮವಾಗಿ ಮುಚ್ಚುವ ಒಳ್ಳೆಯ ಯುಪಿಎಸ್ ಇದ್ದವರು ಡಬ್ಲ್ಯುಟಿಎಂಪಿ, ಡಬ್ಲ್ಯುಟಿಎಂಪಿಡಿಬಿ ಎರಡರಲ್ಲಿ ಯಾವುದನ್ನಾದರೂ ಬಳಸಲಿ. ನಮ್ಮಲ್ಲಿ ಈ ವರ್ಷದ ದುಡ್ಡು ಕಾಫಿ ಕಣದ ರಿಪೇರಿಗೆ ಹೋಗಿದೆ, ಜರ್ನಲ್‌ಗೆ ಖರ್ಚಿಲ್ಲ.