ಸೊಪ್ಪಿನ ಬೆಟ್ಟಕ್ಕೆ ಚರ್ಮದ ಬೂಟು: ಒಂದು ಮಳೆಗಾಲದ ಅನುಭವ

ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ ಓಡಾಡಲೆಂದು, ಯುಗಾದಿ ಕಳೆದ ಮೇಲೆ ಶಿರಸಿ ಪೇಟೆಯಲ್ಲಿ 4,200 ರೂಪಾಯಿ ಕೊಟ್ಟು ಈ ಕಂದು ಬೂಟು ಕೊಂಡೆ. ಹೆಂಗಸರ ಅಳತೆಯದು ಸಿಗಲಿಲ್ಲ, ಗಂಡಸರ 6ನೇ ಅಳತೆಯದನ್ನೇ ಆರಿಸಿದೆ. ಗಮ್‌ಬೂಟಿನಲ್ಲಿ ಕಾಲು ಬೆವರಿ ಬೆರಳ ಸಂದಿಯೆಲ್ಲ ಹುಣ್ಣಾಗಿ ಸಾಕಾಗಿತ್ತು.

‘ಹಾಕಿಕೊಂಡು ನಡೆಯಿರಿ, ತಾನಾಗಿ ಸಡಿಲವಾಗುತ್ತದೆ’ ಎಂದರು ಅಂಗಡಿಯವರು. ಆ ಮಾತು ನಂಬಿ ಮೊದಲ ದಿನವೇ ಎರಡು ತಾಸು ಬೆಟ್ಟ ಸುತ್ತಿದೆ. ಹಿಮ್ಮಡಿ ಎರಡರಲ್ಲೂ ಗುಳ್ಳೆ ಎದ್ದು ಒಡೆಯಿತು. ಗಾಯ ಮಾಗಿದ ಮೇಲೆ ದಪ್ಪ ಕಾಲುಚೀಲ ಹಾಕಿ ಅಂಗಳದಲ್ಲಷ್ಟೇ ದಿನಕ್ಕೆ ಅರ್ಧ ಗಂಟೆ ಓಡಾಡಿದೆ, ಮುಂದಿನ ವಾರ ಒಂದು ಗಂಟೆ. ಬೆರಳ ಬುಡದಲ್ಲಿ ಚರ್ಮ ಮಡಿಕೆ ಬಿದ್ದು ಪಾದದ ಜೊತೆಗೇ ಬಾಗತೊಡಗಿದಾಗ ಆದ ಸಂತೋಷ ದೊಡ್ಡದು.

ಬಲಗಾಲಿನ ಕಿರುಬೆರಳು ಮಾತ್ರ ನೋಯುತ್ತಲೇ ಇತ್ತು. ಹಳೆ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಒತ್ತುವ ಜಾಗಕ್ಕೆ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿಕೊಂಡು, ಒಳಗೆ ತುಸು ತೇವ ಮಾಡಿ, ರಾತ್ರಿಯಿಡೀ ಮರದ ಅಚ್ಚಿಗೆ ಏರಿಸಿಟ್ಟರು. 60 ರೂಪಾಯಿಗೆ ಅಷ್ಟು ಅಚ್ಚುಕಟ್ಟಾದ ಕೆಲಸ! ‘ತಂಗೀ, ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡ, ಚರ್ಮ ಕಪ್ಪಾಗಿ ಮೆತ್ತಗಾಗುತ್ತದೆ’ ಎಂದೂ ಹೇಳಿದರು. ಅವರ ಮಾತಿನಂತೆ ಜೇನುಮೇಣದ ಲೇಪ ತಂದೆ. ಧೂಳು ಒರೆಸಿ, ಕಡಲೆಕಾಳಿನಷ್ಟು ಲೇಪವನ್ನು ಹಳೆ ಪಂಚೆಯ ಚೂರಿನಿಂದ ತಿಕ್ಕುತ್ತೇನೆ. ಹೊಲಿಗೆಯ ಸಾಲಿಗೆ ಇನ್ನೊಂದು ಚೂರು ಹೆಚ್ಚು, ಏಕೆಂದರೆ ನೀರು ನುಗ್ಗುವುದೇ ಅಲ್ಲಿಂದ. ಬೆಳಿಗ್ಗೆ ಬ್ರಷ್ ಹೊಡೆದರೆ ಆಯಿತು.

ಜೂನ್‌ನಲ್ಲಿ ಪೂರ್ತಿ ನೆನೆದ ದಿನ ಅತ್ತೆಯವರು ಬಚ್ಚಲೊಲೆಯ ಪಕ್ಕದಲ್ಲಿಡಲು ಹೊರಟಿದ್ದರು. ಓಡಿಹೋಗಿ ತೆಗೆದೆ. ನೆನೆದ ಚರ್ಮ ಬೆಂಕಿಯ ಕಾವಿಗೆ ಸೆಟೆದು ಬಿರಿಯುತ್ತದೆ. ಒಳಗೆ ಪತ್ರಿಕೆ ತುರುಕಿ, ಒದ್ದೆಯಾದಂತೆ ಬದಲಿಸುತ್ತ ಗಾಳಿಯಲ್ಲಿ ಒಣಗಿಸಿದೆ. ಒಂದು ವಾರ ಮುಟ್ಟದೆ ಬಿಟ್ಟರೆ ಬೂಷ್ಟು ಬರುತ್ತದೆ, ಒಣಬಟ್ಟೆಯಲ್ಲಿ ಒರೆಸಿಬಿಡುತ್ತೇನೆ.

ಈ ಬೂಟಿನಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ನಾಲಿಗೆಯ, ಅಂದರೆ ಲೇಸಿನಡಿಯ ಪಟ್ಟಿಯ, ಎರಡೂ ಅಂಚನ್ನು ಮೇಲಿನವರೆಗೆ ಬೂಟಿಗೆ ಹೊಲಿದಿರುವುದು. ಲೇಸಿನ ಸಂದಿಯಿಂದ ಉಂಬಳ (ಜಿಗಣೆ) ಒಳಗೆ ನುಸುಳುವ ಮಾತೇ ಇಲ್ಲ. ಆದರೆ ಅಟ್ಟೆ ಪಾಚಿಯ ಮೇಲೆ ಜಾರುತ್ತದೆ, ಇದನ್ನು ಕೊಳ್ಳುವವರು ತಿಳಿದಿರಬೇಕು. ನಾನಂತೂ ಹಳ್ಳದ ಕಾಲುಸಂಕ ಬಂದಾಗ ಬೂಟು ಬಿಚ್ಚಿ, ಲೇಸು ಗಂಟು ಹಾಕಿ ಹೆಗಲಿಗೆ ತೂಗುಹಾಕಿಕೊಂಡು ಬರಿಗಾಲಲ್ಲೇ ದಾಟುತ್ತೇನೆ.