ಕರಿಬೇವಿನ ಚಿಗುರು ಹಳದಿಯಾದರೆ ಮಜ್ಜಿಗೆಯೋ, ಅನ್ನಭೇದಿಯೋ, ಕೀಲೇಟೋ, ಮಳೆನೀರೋ?

ಬೋರ್‌ವೆಲ್ ನೀರು ಹಾಕುವವರ ತಾರಸಿಯಲ್ಲಿ ಕರಿಬೇವು ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಚಿಗುರು ಬರುತ್ತದೆ, ಆದರೆ ಬಿಳುಚಿಕೊಂಡ ಹಳದಿ. ನರ ಮಾತ್ರ ಹಸಿರು. ಕೆಳಗಿನ ಹಳೆ ಎಲೆಗಳು ಚೆನ್ನಾಗೇ ಇರುತ್ತವೆ. ಇದನ್ನು ನೋಡಿದ ತಕ್ಷಣ ಯೂರಿಯಾ ಸುರಿಯುವವರೇ ಜಾಸ್ತಿ. ಆದರೆ ಸಾರಜನಕ ಕಡಿಮೆಯಾದಾಗ ಮೊದಲು ಹಳದಿಯಾಗುವುದು ಹಳೆ ಎಲೆ, ಯಾಕಂದ್ರೆ ಗಿಡ ಅಲ್ಲಿಂದ ಸಾರಜನಕ ಎಳೆದು ಚಿಗುರಿಗೆ ಕಳಿಸುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಹೆಚ್ಚು ಬರುವುದಿಲ್ಲ. ಹಾಗಾಗಿ ಚಿಗುರೇ ಹಳದಿ, ನರ ಹಸಿರು ಅಂದರೆ ಮೊದಲ ಅನುಮಾನ ಕಬ್ಬಿಣದ ಮೇಲೆ.

ತಮಾಷೆ ಏನಂದ್ರೆ, ನಮ್ಮ ಬೆಂಗಳೂರು ಕಡೆಯ ಕೆಮ್ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ. ಕುಂಡದ ತುಂಬ ಕಬ್ಬಿಣ, ಗಿಡಕ್ಕೆ ಉಪವಾಸ. ಗಡಸು ನೀರಿನಲ್ಲಿರುವ ಬೈಕಾರ್ಬನೇಟು ದಿನಾ ಸ್ವಲ್ಪ ಸ್ವಲ್ಪ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಅಂಕ ಏರಿದಷ್ಟೂ ಕ್ಷಾರ ಜಾಸ್ತಿ) ಏರಿಸುತ್ತದೆ. ಒಂದಂಕ ಏರಿದರೆ ಮಣ್ಣಿನ ಕಬ್ಬಿಣ ಕರಗುವುದು ಸುಮಾರು 1000 ಪಟ್ಟು ಕಡಿಮೆಯಾಗುತ್ತದೆ. 7.5 ದಾಟಿತೆಂದರೆ ಕರಿಬೇವಿಗೆ ಕಷ್ಟ ಶುರು. ಕರಿಬೇವು ನಿಂಬೆಯ ಕುಟುಂಬದ್ದೇ, ಈ ವಿಷಯದಲ್ಲಿ ಎರಡಕ್ಕೂ ಒಂದೇ ಹಟ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದೆಯಾ ನೋಡಿ. ಅದರ ಮೇಲೆ ಎರಡು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದು ಸುಣ್ಣದ ಅಂಶ, ನೀರಿನಿಂದ ಬಂದದ್ದು.

ಒಂದೇ ನರ್ಸರಿಯಿಂದ ತಂದ ಒಂದೇ ಎತ್ತರದ ಗಿಡಗಳನ್ನು ಕೆಮ್ಮಣ್ಣು, ಕೊಕೊಪೀಟ್, ಎರೆಗೊಬ್ಬರದ ಒಂದೇ ಮಿಶ್ರಣಕ್ಕೆ ಹಾಕಿದ್ದೆ. ಎಲ್ಲದಕ್ಕೂ ಬೋರ್ ನೀರೇ. ಎಲ್ಲವೂ ಹಳದಿಗೆ ತಿರುಗಿದ ಮೇಲೆ ಒಂದೊಂದಕ್ಕೆ ಒಂದೊಂದು ಮದ್ದು ಕೊಟ್ಟು, ಒಂದನ್ನು ಏನೂ ಮಾಡದೆ ಬಿಟ್ಟೆ.

ಮೊದಲು ಮಜ್ಜಿಗೆ, ಯಾಕಂದ್ರೆ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಉಪ್ಪು ಹಾಕದ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹಾಕಿದೆ. ಗಿಡ ಸ್ವಲ್ಪ ಗೆಲುವಾಯಿತು, ಅದು ಸುಳ್ಳಲ್ಲ. ಹಳೆ ಎಲೆಗಳ ಹಸಿರು ಗಾಢವಾಯಿತು, ಮಜ್ಜಿಗೆಯಲ್ಲಿರುವ ಸಾರಜನಕದಿಂದ ಇರಬೇಕು. ಚಿಗುರು ಮಾತ್ರ ಹಳದಿಯಾಗಿಯೇ ಉಳಿಯಿತು. ಮಜ್ಜಿಗೆಯಲ್ಲಿರುವ ಹುಳಿ, ಮುಂದಿನ ಸಲ ಹಾಕುವ ಎರಡು ಚೊಂಬು ಗಡಸು ನೀರಿಗೇ ಖರ್ಚಾಗಿ ಹೋಗುತ್ತದೆ. ಮೇಲೆ ವಾಸನೆ, ಇರುವೆ. ನೀರು ಚೆನ್ನಾಗಿರುವ ಊರಿನಲ್ಲಿ ಮಜ್ಜಿಗೆ ಸಾಕಾಗಬಹುದು, ನಮ್ಮ ಬೋರ್ ನೀರಿನ ಮುಂದೆ ಅದರ ಆಟ ನಡೆಯಲ್ಲ. ತುಕ್ಕು ಮೊಳೆ ಹೂಳುವುದಂತೂ ಸುಮ್ನೆ ದಂಡ. ತುಕ್ಕು ಅಂದರೂ ಕೆಮ್ಮಣ್ಣಿನಲ್ಲಿ ಆಗಲೇ ಇರುವಂಥ ಕರಗದ ಕಬ್ಬಿಣವೇ ತಾನೆ?

ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಗೊಬ್ಬರದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ತಿಳಿಹಸಿರು ಹರಳು. ಇದನ್ನು ಎರಡು ರೀತಿ ಹಾಕಿ ನೋಡಿದೆ, ಎರಡರ ಫಲಿತಾಂಶಕ್ಕೂ ಅಜಗಜಾಂತರ. ಬೋರ್ ನೀರಿನಲ್ಲಿ ಕರಗಿಸಿ ಬುಡಕ್ಕೆ ಹಾಕಿದ್ದು ಹೆಚ್ಚುಕಡಿಮೆ ವ್ಯರ್ಥ. ಬಕೆಟ್ಟಿನಲ್ಲೇ ತಿಳಿಹಸಿರು ನೀರು ನೋಡನೋಡುತ್ತ ಕಂದಾಗಿ ತಳದಲ್ಲಿ ಗಸಿ ನಿಂತಿತು. ಆ ಗಸಿ ಗಿಡಕ್ಕೆ ದಕ್ಕುವುದಿಲ್ಲ. ಎಲೆಗೆ ಸಿಂಪಡಿಸಿದ್ದು ಬೇರೆಯೇ ಕಥೆ: ಒಂದು ಲೀಟರ್ ಮಳೆನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಆಗಲೇ ಕರಗಿಸಿ ಆಗಲೇ ಸಿಂಪಡಣೆ, ಅದೂ ಸಂಜೆ ಬಿಸಿಲಿಳಿದ ಮೇಲೆ. ಕೆಲವೇ ದಿನದಲ್ಲಿ ಹಳದಿ ಎಲೆಯ ಮೇಲೆ ಹಸಿರು ಚುಕ್ಕಿಗಳು ಕಾಣಿಸಿಕೊಂಡವು. ಹನಿ ಎಲ್ಲೆಲ್ಲಿ ಕೂತಿತ್ತೋ ಅಲ್ಲಲ್ಲಿ ಮಾತ್ರ ಹಸಿರು, ಪಕ್ಕದಲ್ಲೇ ಹಳದಿ! ಕೊರತೆ ಕಬ್ಬಿಣದ್ದೇ ಅನ್ನುವುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಆದರೆ ಮುಂದಿನ ಚಿಗುರು ಮತ್ತೆ ಹಳದಿಯಾಗಿಯೇ ಬಂತು, ಹೀಗಾಗಿ ಸಿಂಪಡಿಸುತ್ತಲೇ ಇರಬೇಕು. ನೆಲದ ಟೈಲ್ಸ್ ಮೇಲೆ ಬಿದ್ದರೆ ಕಂದು ಕಲೆ, ಉಜ್ಜಿದರೂ ಬೇಗ ಹೋಗಲ್ಲ. ಒಗ್ಗರಣೆಗೆ ಕೀಳುವ ಎಲೆಯಾದ್ದರಿಂದ ಸಿಂಪಡಿಸಿದ ಮೇಲೆ ಕೆಲವು ದಿನ ಬಿಟ್ಟು ತೊಳೆದು ಬಳಸಿ.

ಕೀಲೇಟ್ ಅಂದರೆ ಕಬ್ಬಿಣವನ್ನು ಗಸಿಯಾಗಲು ಬಿಡದೆ ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ವಸ್ತು. ಕೀಲೇಟ್ ಕಬ್ಬಿಣ ಕೊಳ್ಳುವಾಗ ಪೊಟ್ಟಣದ ಸಣ್ಣ ಅಕ್ಷರ ಓದಲೇಬೇಕು. ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಇಡಿಟಿಎ, 12% ಕಬ್ಬಿಣ. ಇನ್ನೊಂದು ಇಡಿಡಿಎಚ್‌ಎ, ಅದರಲ್ಲಿ 6% ಅಷ್ಟೇ, ಬೆಲೆ ಮಾತ್ರ ಜಾಸ್ತಿ. ಅರ್ಧ ಕಬ್ಬಿಣಕ್ಕೆ ಹೆಚ್ಚು ದುಡ್ಡು ಯಾಕೆ ಅನ್ನಿಸುತ್ತದೆ ಅಲ್ವಾ? ಇಡಿಟಿಎ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದು ಸುಮಾರು 6.5 ಪಿಎಚ್‌ವರೆಗೆ. ಅದಕ್ಕೂ ಮೇಲೆ ಹೋದರೆ ಕಬ್ಬಿಣ ಬಿಟ್ಟು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಇಡಿಡಿಎಚ್‌ಎ 9 ದಾಟಿದರೂ ಬಿಡುವುದಿಲ್ಲ. ನನ್ನ ಕುಂಡಗಳಲ್ಲೂ ಹಾಗೇ ಆಯಿತು: ಇಡಿಟಿಎ ಹಾಕಿದ ಗಿಡ ಅರೆಬರೆ, ಇಡಿಡಿಎಚ್‌ಎ ಹಾಕಿದ್ದರಲ್ಲಿ ನಂತರ ಬಂದ ಚಿಗುರು ಪೂರ್ತಿ ಹಸಿರು. ಕರಗಿಸಿದರೆ ಬೀಟ್‌ರೂಟ್ ರಸದ ಹಾಗೆ ಕಡುಗೆಂಪು ಆಗುತ್ತದೆ, ಗಾಬರಿ ಬೇಡ. ಬಿಸಿಲಿಗೆ ಕೆಡುತ್ತದೆ, ಆದ್ದರಿಂದ ಎಲೆಗಲ್ಲ, ಬುಡಕ್ಕೇ ಹಾಕಿ ಮೇಲೆ ಸ್ವಲ್ಪ ಮಣ್ಣು ಮುಚ್ಚಿ.

ಮಳೆನೀರು ಎಲ್ಲಕ್ಕಿಂತ ನಿಧಾನ. ಮೊದಲು ಕುಂಡದ ತಳದ ತೂತಿನಿಂದ ಚೆನ್ನಾಗಿ ಹರಿಯುವಷ್ಟು ಹಾಕಿ ಹಳೆ ಉಪ್ಪು ತೊಳೆದೆ, ಆಮೇಲೆ ಡ್ರಮ್ಮಿನ ನೀರೇ. ಶುರುವಿನಲ್ಲಿ ಏನೂ ಕಾಣಲಿಲ್ಲ. ಹಳದಿ ಎಲೆ ಹಳದಿಯಾಗಿಯೇ ಉದುರಿತು. ಆಮೇಲೆ ಬಂದ ಒಂದೊಂದು ಚಿಗುರೂ ಹಿಂದಿನದಕ್ಕಿಂತ ಹಸಿರು, ಯಾವ ಕಬ್ಬಿಣವನ್ನೂ ಹಾಕದೆ! ಮಣ್ಣಿನಲ್ಲಿದ್ದದ್ದೇ ಗಿಡಕ್ಕೆ ಸಿಗತೊಡಗಿತು. ನನ್ನ ಮಟ್ಟಿಗೆ ಗೆದ್ದದ್ದು ಇದೇ, ಉಳಿದವೆಲ್ಲ ತೇಪೆ. ಬೆಂಗಳೂರಿನಲ್ಲಿ 2009ರಲ್ಲಿ ಕಡ್ಡಾಯವಾದ ಮಳೆನೀರು ಕೊಯ್ಲಿನ ಪೈಪು ಎಷ್ಟೋ ಮನೆಗಳಲ್ಲಿದೆ, ಅದರ ಬಾಯಿಗೆ ಒಂದು ಡ್ರಮ್ ಇಟ್ಟರಾಯಿತು. ಮೊದಲ ಮಳೆಯ ಕೊಳೆ ಹೋಗಲಿ, ಆಮೇಲೆ ಹಿಡಿಯಿರಿ. ಬೇಸಿಗೆಯಲ್ಲಿ ಡ್ರಮ್ ಖಾಲಿಯಾದರೆ ಎಸಿಯಿಂದ ತೊಟ್ಟಿಕ್ಕುವ ನೀರು ನಡೆಯುತ್ತದೆ. ಆಗ ಒಂದು ಸಲ ಇಡಿಡಿಎಚ್‌ಎ ಕೊಟ್ಟರೆ ಮಳೆಗಾಲದವರೆಗೆ ದೂಡಬಹುದು.

ಏನೂ ಮಾಡದೆ ಬಿಟ್ಟ ಗಿಡ ಸಾಯಲಿಲ್ಲ, ಬೆಳೆಯಲೂ ಇಲ್ಲ.

ಎರಡು ನೀರಿನ ವಿಷಯದಲ್ಲಿ ಎಚ್ಚರ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕುವುದು ನೀರುಳಿತಾಯ ಅಂತ ಕಂಡರೂ, ಅದರಲ್ಲಿ ಉಪ್ಪು ಬೋರ್ ನೀರಿಗಿಂತಲೂ ಜಾಸ್ತಿ. ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರು ಇನ್ನೂ ಮೋಸ: ಸೋಪು ನೊರೆ ಬರುತ್ತದೆ, ಕೂದಲಿಗೆ ಒಳ್ಳೆಯದು ಅನ್ನಿಸುತ್ತದೆ, ಆದರೆ ಅಲ್ಲಿ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸಿರುತ್ತಾರೆ, ಬೈಕಾರ್ಬನೇಟು ಹಾಗೇ ಇರುತ್ತದೆ, ಸೋಡಿಯಂನಿಂದ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಆಡುವುದಿಲ್ಲ.

ಇನ್ನು ಡಿಸೆಂಬರ್, ಜನವರಿಯಲ್ಲಿ ಕರಿಬೇವು ಚಿಗುರದೆ ಎಲೆ ಉದುರಿಸಿದರೆ ಈ ಯಾವ ಮದ್ದೂ ಬೇಡ. ಅದು ಚಳಿಯ ಕೆಲಸ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಳಿಗಳಲ್ಲಿ ಡಿಡಬ್ಲ್ಯೂಡಿ-1 ಚಳಿಗೆ ಬೇಗ ಸೋಲುತ್ತದೆ, ಡಿಡಬ್ಲ್ಯೂಡಿ-2 ತಡೆದುಕೊಳ್ಳುತ್ತದೆ. ಹೊಸ ಗಿಡ ತರುವಾಗ ಯಾವುದು ಅಂತ ನರ್ಸರಿಯಲ್ಲಿ ಕೇಳಿಯೇ ತನ್ನಿ.